ಮೊದಲು ತುಕ್ಕು ನೋಡಿ, ಎಂಜಿನ್ ಆಮೇಲೆ: ಎಂಜಿಬಿ ಮತ್ತು ಡಾಟ್ಸನ್ 240ಝಡ್

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಎರಡು ಹಳೆಯ ಸ್ಪೋರ್ಟ್ಸ್ ಕಾರುಗಳದ್ದೇ ದೊಡ್ಡ ಪಾಲು: ಬ್ರಿಟನ್ನಿನ ಎಂಜಿಬಿ, ಜಪಾನಿನ ಡಾಟ್ಸನ್ 240ಝಡ್. ಅವನ್ನೆಲ್ಲ ಒಂದೇ ಕಡೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಚೆನ್ನಾಗಿರುವ ಎಂಜಿಬಿ ಒಂದು ಸಿಗುತ್ತಿದೆ. ಅದೇ ದುಡ್ಡಿಗೆ ಕೆಲಸ ಬೇಡುವ 240ಝಡ್ ಕೂಡ ಇದೆ. ನನಗೆ ಸ್ಪ್ಯಾನರ್ ಹಿಡಿಯಲು ಬರುತ್ತದೆ, ವೆಲ್ಡಿಂಗ್ ಬರುವುದಿಲ್ಲ. ಯಾವುದನ್ನು ಕೊಳ್ಳಲಿ?

ಉತ್ತರ: ಎಂಜಿಬಿ. ಓಡಿಸುವುದಕ್ಕೆ ಝಡ್ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ವೆಲ್ಡಿಂಗ್ ಬರುವುದಿಲ್ಲ ಎಂದಿರಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಎರಡು ಕಾರುಗಳ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ದೂರ ಹೆಚ್ಚುಕಡಿಮೆ ಒಂದೇ. ಎಂಜಿಬಿಯದು 2311 ಮಿ.ಮೀ., ಝಡ್‌ನದು 2305. ಹೋಲಿಕೆ ಅಲ್ಲಿಗೆ ಮುಗಿಯಿತು. ಎಂಜಿಬಿ 1962ರಲ್ಲಿ ಬಂದು, ಅಬಿಂಗ್ಡನ್ ಕಾರ್ಖಾನೆಯಲ್ಲಿ 1980ರವರೆಗೂ ತಯಾರಾದ ಗಾಡಿ. 1798 ಸಿಸಿಯ ನಾಲ್ಕು ಸಿಲಿಂಡರ್ ಪುಶ್‌ರಾಡ್ ಎಂಜಿನ್ (ಕಡ್ಡಿಗಳಿಂದ ವಾಲ್ವ್ ತೆರೆಯುವ ಬಗೆ), ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರ್, ಸುಮಾರು 95 ಅಶ್ವಶಕ್ತಿ. ಹಿಂದೆ ಗಟ್ಟಿ ಆಕ್ಸಲ್ಲು, ಲಾರಿಗಿರುವಂಥ ಕಮಾನುಪಟ್ಟಿ ಸ್ಪ್ರಿಂಗು. 240ಝಡ್ 1969ರ ಕೊನೆಗೆ ಜಪಾನಿನಲ್ಲಿ ಫೇರ್‌ಲೇಡಿ ಝಡ್ ಎಂಬ ಹೆಸರಿನಲ್ಲಿ ಹೊರಬಂದ ಸರಣಿಯದು. 2393 ಸಿಸಿ, ಆರು ಸಿಲಿಂಡರ್, ವಾಲ್ವ್ ತೆರೆಯುವ ಕ್ಯಾಮ್ ಎಂಜಿನ್ ತಲೆಯ ಮೇಲೆ, ಅಂದಿನ ಗ್ರಾಸ್ ಲೆಕ್ಕದಲ್ಲಿ (ಗಾಡಿಗೆ ಕೂರಿಸದ ಬರೀ ಎಂಜಿನ್ನಿನದು) 151 ಅಶ್ವಶಕ್ತಿ. ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್. ನಿಂತಲ್ಲಿಂದ ಗಂಟೆಗೆ ನೂರು ಕಿ.ಮೀ. ಮುಟ್ಟಲು ಎಂಜಿಬಿಗೆ ಹನ್ನೆರಡು ಸೆಕೆಂಡಿನ ಮೇಲೆ ಬೇಕು. ಝಡ್ ಎಂಟೊಂಬತ್ತರಲ್ಲಿ ಮುಗಿಸುತ್ತದೆ. ಉಬ್ಬುತಗ್ಗಿನ ತಿರುವಿನಲ್ಲಿ ಎಂಜಿಬಿಯ ಹಿಂಭಾಗ ಕುಪ್ಪಳಿಸುತ್ತದೆ, ಝಡ್ ರಸ್ತೆ ಬಿಡುವುದಿಲ್ಲ.

ಇಷ್ಟೆಲ್ಲ ಇದ್ದೂ ಎಂಜಿಬಿ ಎನ್ನುವುದೇಕೆ? ಎರಡೂ ಮೋನೊಕಾಕ್ ಗಾಡಿಗಳು, ಅಂದರೆ ತಗಡೇ ಚಾಸಿಸ್. ಎಂಜಿನ್ ಎಷ್ಟು ಕೆಟ್ಟಿದ್ದರೂ ಮೇಜಿನ ಮೇಲೆ ಬಿಚ್ಚಿಟ್ಟು ಸರಿಮಾಡಬಹುದು. ತಗಡು ಹೋದರೆ ವೆಲ್ಡರ್ ಬೇಕು, ಕೊರೆಯುತ್ತ ಹೋದಂತೆಲ್ಲ ಕೆಲಸ ಬೆಳೆಯುತ್ತದೆ. ಎಂಜಿಬಿಗೆ ತಗಡಿನ ಪ್ರತಿ ಭಾಗವೂ ಸಿಗುತ್ತದೆ. 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಕಂಪನಿ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿಕೊಡುತ್ತ ಬಂದಿದೆ. ಝಡ್‌ಗೂ ಫ್ಲೋರ್, ಫ್ರೇಮ್ ರೈಲ್ ಸಿಗುತ್ತವೆ, ನಿಜ. ಆದರೆ 'ಕೆಲಸ ಬೇಡುವ' ಝಡ್ ಬೇಡುವುದು ಬಹುತೇಕ ವೆಲ್ಡಿಂಗ್ ಕೆಲಸವನ್ನೇ. ಎಂಜಿನ್ ಇಲ್ಲದ, ತುಕ್ಕಿಲ್ಲದ ಝಡ್ ಸಿಕ್ಕರೆ ನಮ್ಮ ಉತ್ತರ ತಿರುವುಮುರುವಾಗುತ್ತದೆ.

ಪ್ರಶ್ನೆ: ಎಂಜಿಬಿ ನೋಡಲು ಹೋಗುವವನಿದ್ದೇನೆ. ಬಣ್ಣ ಹೊಸದು, ಫಳಫಳ ಹೊಳೆಯುತ್ತಿದೆ. ಒಳಗಿನ ತುಕ್ಕನ್ನು ಪತ್ತೆಹಚ್ಚುವುದು ಹೇಗೆ?

ಉತ್ತರ: ಹೊಸ ಬಣ್ಣವೇ ಮೊದಲ ಅನುಮಾನ. ಎಂಜಿಬಿಯ ಬೆನ್ನುಮೂಳೆ ಎಂದರೆ ಬಾಗಿಲ ಕೆಳಗಿನ ಸಿಲ್. ನಮಗೆ ಕಾಣುವುದು ಹೊರಗಿನ ತಗಡು ಮಾತ್ರ; ಅದರ ಹಿಂದೆ ಒಂದು ನಡುತಗಡು, ಆಮೇಲೆ ಒಳಸಿಲ್, ಕೆಳಗೆ ಕ್ಯಾಸಲ್ ಸೆಕ್ಷನ್ ಎಂದು ಕರೆಯುವ ಪೆಟ್ಟಿಗೆ. ಒಳಗೆಲ್ಲ ಪುಡಿಯಾಗಿದ್ದರೂ ಮೇಲೊಂದು ಹೊರತಗಡು ಹೊದಿಸಿ ಬಣ್ಣ ಬಳಿದು ಮಾರುವವರಿದ್ದಾರೆ.

ಹೀಗೆ ಮಾಡಿ. ಬಾಗಿಲು ಮುಚ್ಚಿ, ಅದರ ಹಿಂದಿನ ಅಂಚಿಗೂ ಬಾಡಿಗೂ ನಡುವಿನ ಸಂದನ್ನು ಮೇಲಿಂದ ಕೆಳಗೆ ನೋಡಿ. ಮೇಲೆ ಕಿರಿದು, ಕೆಳಗೆ ಅಗಲವಾಗಿದ್ದರೆ ಗಾಡಿ ನಡುವಿನಲ್ಲಿ ಬಾಗಿದೆ. ಆಮೇಲೆ ಮಾಲೀಕರ ಒಪ್ಪಿಗೆ ಪಡೆದು ಜ್ಯಾಕಿಂಗ್ ಪಾಯಿಂಟಿನಲ್ಲಿ ಒಂದು ಕಡೆ ನಿಧಾನಕ್ಕೆ ಎತ್ತಿ. ಗಟ್ಟಿ ಬಾಡಿಯಲ್ಲಿ ಸಂದು ಅಲುಗುವುದಿಲ್ಲ. ಜ್ಯಾಕ್ ಏರಿದಂತೆ ಸಂದು ಮುಚ್ಚಿಕೊಂಡರೆ, ಎತ್ತಿದ ಮೇಲೆ ಬಾಗಿಲು ತೆಗೆಯಲು ಬಿಗಿಯಾದರೆ, ಅಥವಾ ಜ್ಯಾಕೇ ತಗಡಿನೊಳಗೆ ಹೂತರೆ ಅಲ್ಲಿಗೆ ಬಿಡಿ. ರೋಡ್‌ಸ್ಟರ್‌ಗೆ ಮೇಲ್ಛಾವಣಿಯ ಆಸರೆ ಇಲ್ಲವಾದ್ದರಿಂದ ಈ ಪರೀಕ್ಷೆ ಅದಕ್ಕೆ ಹೆಚ್ಚು ಮುಖ್ಯ. 1965ರಲ್ಲಿ ಬಂದ, ತಗಡಿನ ಮೇಲ್ಛಾವಣಿಯ ಜಿಟಿ ಆ ಛಾವಣಿಯ ಬಲದಿಂದ ಸ್ವಲ್ಪ ಸುಳ್ಳು ಹೇಳಬಲ್ಲದು.

ಇನ್ನು ಬೆರಳಿಟ್ಟು ಮುಟ್ಟಿ ನೋಡಬೇಕಾದ ಜಾಗಗಳು: ಮುಂದಿನ ಮಡ್‌ಗಾರ್ಡಿನ ಒಳಗೆ ಹೆಡ್‌ಲೈಟ್ ಹಿಂದೆ, ಅದರ ಮೇಲ್ಭಾಗ ವಿಂಡ್‌ಸ್ಕ್ರೀನ್ ಕಡೆಗೆ ಸೇರುವಲ್ಲಿ, ಹಿಂದಿನ ಕಮಾನುಪಟ್ಟಿಯ ಮುಂತುದಿ ಬಾಡಿಗೆ ಕೂರುವಲ್ಲಿ, ಸೀಟಿನ ಹಿಂದಿರುವ ಬ್ಯಾಟರಿ ಗೂಡಿನಲ್ಲಿ. 1974ರವರೆಗಿನ ಗಾಡಿಗಳಲ್ಲಿ ಅಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಕೂರುತ್ತಿದ್ದವು. ಯಾರ ಕಣ್ಣಿಗೂ ಬೀಳದ ಜಾಗ, ಆಸಿಡ್ ಸುರಿದದ್ದು ಗೊತ್ತೇ ಆಗುವುದಿಲ್ಲ.

ಮುಂದಿನ ಚಕ್ರ ಎತ್ತಿದ್ದೀರಲ್ಲ, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲಾದ ಕಿಂಗ್‌ಪಿನ್ನೂ ನೋಡಿಬಿಡಿ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲುಗಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಿಸಿ. ಆಟ ಮಾಯವಾದರೆ ಅದು ವೀಲ್ ಬೇರಿಂಗಿನದು, ಅಗ್ಗದ ಕೆಲಸ. ಉಳಿದರೆ ಕಿಂಗ್‌ಪಿನ್ ಸವೆದಿದೆ. ಒಂದೊಂದು ಬದಿಗೆ ಮೂರು ಗ್ರೀಸ್ ನಿಪ್ಪಲ್ಲುಗಳಿವೆ, ಪ್ರತಿ 5000 ಕಿ.ಮೀ.ಗೆ ಗ್ರೀಸ್ ಕೊಡಬೇಕು. ಚಕ್ರವನ್ನು ನೆಲದಿಂದ ಎತ್ತಿ ಕೊಟ್ಟರೆ ಒಳಗೆ ಹೋಗುತ್ತದೆ. ಭಾರ ಮೇಲಿದ್ದಾಗ ಕೊಟ್ಟರೆ ಬೇಕಾದ ಕಡೆಗೆ ಹೋಗದೆ ಸುಲಭದ ದಾರಿಯಲ್ಲಿ ಹೊರಬರುತ್ತದೆ.

ಪ್ರಶ್ನೆ: ಕಪ್ಪು ರಬ್ಬರ್ ಬಂಪರಿನ ಎಂಜಿಬಿ ಕಡಿಮೆಗೆ ಸಿಗುವುದೇಕೆ? ಕೊಂಡರೆ ಮೋಸವೇ?

ಉತ್ತರ: ಮೋಸವೇನಿಲ್ಲ. ಅಮೆರಿಕದ ಬಂಪರ್ ನಿಯಮಕ್ಕಾಗಿ 1974ರ ಕೊನೆಯಿಂದ ಆ ಬಂಪರು ಬಂತು, ಗಾಡಿಯನ್ನು ಸುಮಾರು 38 ಮಿ.ಮೀ. ಎತ್ತರಿಸಿದರು. ಮೊದಲೆರಡು ವರ್ಷ ಮುಂದಿನ ಆ್ಯಂಟಿ ರೋಲ್ ಬಾರನ್ನೂ ಕಿತ್ತುಹಾಕಿದ್ದರಿಂದ ತಿರುವಿನಲ್ಲಿ ಓಲಾಟ ಜಾಸ್ತಿ. ಆಮೇಲೆ ಅದನ್ನು ಮರಳಿ ಕೊಟ್ಟರು. ಹಾಗಾಗಿ 1977ರಿಂದೀಚಿನದನ್ನು ಹುಡುಕಿ. ಚೆಂದ ಬೇಕಾದವರು ಕ್ರೋಮ್ ಬಂಪರಿಗೆ ಹೆಚ್ಚು ಕೊಡಲಿ.

ಪ್ರಶ್ನೆ: 240ಝಡ್‌ನಲ್ಲಿ ತುಕ್ಕು ಎಲ್ಲೆಲ್ಲಿ?

ಉತ್ತರ: ಎಲ್ಲೆಲ್ಲಿ ಇಲ್ಲ ಎಂದು ಕೇಳಿದ್ದರೆ ಉತ್ತರ ಚಿಕ್ಕದಾಗುತ್ತಿತ್ತು. ಬ್ಯಾಟರಿ ಟ್ರೇಯಿಂದ ಶುರುಮಾಡಿ. ಅಲ್ಲಿ ಆಸಿಡ್ ಸೋರಿ ಟ್ರೇ ತಿಂದು, ಕೆಳಗಿನ ಫ್ರೇಮ್ ರೈಲಿಗಿಳಿಯುತ್ತದೆ. ಹೊಸ ಟ್ರೇ ಕಂಡರೆ ಸಮಾಧಾನಪಡಬೇಡಿ, ಕೆಳಗೆ ಟಾರ್ಚ್ ಬಿಟ್ಟು ನೋಡಿ. ಫ್ಲೋರಿನ ಅಡಿಯಲ್ಲಿ ಉದ್ದಕ್ಕೆ ಹೋಗುವ ಎರಡು ರೈಲುಗಳು ತೆಳ್ಳನೆಯ ಯು ಆಕಾರದ ತಗಡು. ತಪ್ಪು ಜಾಗದಲ್ಲಿ ಜ್ಯಾಕ್ ಕೊಟ್ಟು ಚಪ್ಪಟೆ ಮಾಡಿರುವುದು ಸಾಮಾನ್ಯ. ಚಪ್ಪಟೆಯಾದಲ್ಲಿ ನೀರು ನಿಂತು ತುಕ್ಕಾಗುತ್ತದೆ. ಬಾಗಿಲಿನ ಹಿಂದೆ, ಹಿಂಚಕ್ರದ ಮುಂದೆ ನಾಯಿಯ ಹಿಂಗಾಲಿನಂತೆ ಬಾಗಿದ ಭಾಗವಿದೆ. ಅಲ್ಲಿಗೆ ಒಂದು ಚಿಕ್ಕ ಅಯಸ್ಕಾಂತ ಹಿಡಿಯಿರಿ. ತಗಡಿನ ಮೇಲೆ 'ಟಕ್' ಎಂದು ಅಂಟುವುದು, ಪುಟ್ಟಿಯ ಮೇಲೆ ಜಾರಿ ಬೀಳುತ್ತದೆ. ತೆಳು ಬಟ್ಟೆ ಸುತ್ತಿಕೊಂಡರೆ ಬಣ್ಣಕ್ಕೆ ಗೀರು ಬೀಳುವುದಿಲ್ಲ, ಮಾಲೀಕರ ಮುಖವೂ ಕೆಡುವುದಿಲ್ಲ. ಹಿಂಬಾಗಿಲ ಕೆಳ ಅಂಚು, ಬಿಡಿ ಚಕ್ರದ ಗುಂಡಿ, ವೈಪರ್ ಕೆಳಗಿನ ಗಾಳಿದಾರಿ ಇವನ್ನೂ ನೋಡಿ. ಗಾಳಿದಾರಿಗೆ ಒಂದು ಲೋಟ ನೀರು ಸುರಿದಾಗ ಅದು ಕಾಲಡಿಯ ಮ್ಯಾಟಿಗೆ ಬಂದರೆ ಅಲ್ಲಿ ತೂತಿದೆ. ಅದನ್ನು ಮುಟ್ಟಬೇಕಾದರೆ ಮುಂದಿನ ಮಡ್‌ಗಾರ್ಡ್, ಡ್ಯಾಶ್‌ಬೋರ್ಡ್ ಎಲ್ಲ ಬಿಚ್ಚಬೇಕು.

ಪ್ರಶ್ನೆ: ನನ್ನ 240ಝಡ್ ಓಡುವಾಗ ಒಳಗೆ ಪೆಟ್ರೋಲ್ ಹೊಗೆಯ ವಾಸನೆ. ಕಿಟಕಿ ಇಳಿಸಿದರೆ ಇನ್ನೂ ಜಾಸ್ತಿ! ಸೈಲೆನ್ಸರಿನಲ್ಲಿ ಸೋರಿಕೆ ಇಲ್ಲ.

ಉತ್ತರ: ಈ ಗಾಡಿಯ ಹುಟ್ಟುಗುಣ. ಓಡುವಾಗ ಇಳಿಜಾರು ಬೆನ್ನಿನ ಹಿಂದೆ ಗಾಳಿಯ ಒತ್ತಡ ತಗ್ಗಿ, ಸೈಲೆನ್ಸರಿನ ಹೊಗೆ ಅಲ್ಲೇ ಸುತ್ತುತ್ತದೆ. ಕಿಟಕಿ ಇಳಿಸಿದರೆ ಒಳಗಿನ ಗಾಳಿ ಹೊರಕ್ಕೆಳೆದುಕೊಂಡು, ಹಿಂದಿನ ಸಂದುಗಳಿಂದ ಹೊಗೆ ಒಳಬರುತ್ತದೆ. ಇದನ್ನು ಬರೀ ವಾಸನೆ ಎಂದು ಬಿಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಮಿಕ್ಕ ಹೊಗೆ ಬರುತ್ತಿದೆ ಎಂದರೆ ಅದೂ ಜೊತೆಗೇ ಬರುತ್ತಿದೆ.

ಒಂದು ಕಾಗದದ ಚೂರನ್ನು ಹಿಂಬಾಗಿಲ ಸೀಲಿನ ಮೇಲಿಟ್ಟು ಬಾಗಿಲು ಮುಚ್ಚಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಜಾರಿ ಬಂದರೆ ಅಲ್ಲಿ ಸೀಲು ತಾಗುತ್ತಿಲ್ಲ. ಹೀಗೆ ಸುತ್ತಲೂ ಒಂದೊಂದು ಗೇಣಿಗೆ ನೋಡುತ್ತ ಬನ್ನಿ. ಹೊಸ ಸೀಲು ಹಾಕಿಯೂ ಜಾರಿದರೆ ಬಾಗಿಲ ಲಾಕ್ ಕೊಂಡಿಯನ್ನು ಕೆಳಕ್ಕೆ ಸರಿಸಿ. ಬಹಳ ಮಂದಿ ಇಲ್ಲಿಗೇ ನಿಲ್ಲಿಸಿ, ವಾಸನೆ ಹೋಗಲಿಲ್ಲ ಎನ್ನುತ್ತಾರೆ. ಹಿಂದಿನ ಲೈಟುಗಳ ಗ್ಯಾಸ್ಕೆಟ್ ಒಣಗಿ ಬಿರಿದಿರುತ್ತದೆ, ವೈರ್ ಹಾಯುವ ರಬ್ಬರ್ ಗ್ರೊಮೆಟ್ ಬಿದ್ದುಹೋಗಿರುತ್ತದೆ. ರಾತ್ರಿ ಒಬ್ಬರು ಒಳಗೆ ಕೂತು ಇನ್ನೊಬ್ಬರು ಹೊರಗಿಂದ ಟಾರ್ಚ್ ಬಿಟ್ಟರೆ ತೂತುಗಳು ತಾವೇ ಕಾಣುತ್ತವೆ. ಹಸಿ ಪೆಟ್ರೋಲಿನ ವಾಸನೆಯೂ ಇದ್ದರೆ ಒಳಗಿನ ಹಿಂಬದಿ ಪ್ಯಾನೆಲ್ ಬಿಚ್ಚಿ, ಟ್ಯಾಂಕಿನ ಆವಿ ಹೋಗುವ ರಬ್ಬರ್ ಪೈಪುಗಳನ್ನು ನೋಡಿ. ಇಷ್ಟು ಹಳೆಯ ಪೈಪಾದರೆ ಬೆರಳಲ್ಲಿ ಮಡಿಚಿದಾಗ ಬಿರುಕು ಬಾಯಿಬಿಡುತ್ತದೆ. ಕೊನೆಗೆ, ಸೈಲೆನ್ಸರಿನ ತುದಿ ಬಂಪರಿನಿಂದ ಹೊರಚಾಚಿದೆಯೇ ನೋಡಿ. ಚಿಕ್ಕದಾಗಿ ಕತ್ತರಿಸಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಪ್ರಶ್ನೆ: ಎರಡು ಕಾರ್ಬ್ಯುರೇಟರ್ ಸರಿಹೊಂದಿಸುವುದು ಎಂಜಿಬಿಗೂ ಝಡ್‌ಗೂ ಒಂದೇ ಕ್ರಮವೇ? ಎಷ್ಟು ತಿರುಗಿಸಿದರೂ ಐಡ್ಲಿಂಗ್ (ಗಾಡಿ ನಿಂತಾಗಿನ ಎಂಜಿನ್ ಓಟ) ಒಂದೇ ಸಮ ಬರುತ್ತಿಲ್ಲ.

ಉತ್ತರ: ಮೂಲತತ್ವ ಒಂದೇ, ಝಡ್‌ನ ಹಿಟಾಚಿ ಕಾರ್ಬ್ಯುರೇಟರ್ ಕೂಡ ಎಸ್‌ಯು ಜಾತಿಯದೇ. ಆದರೆ ಕಾರ್ಬ್ಯುರೇಟರಿಗೆ ಕೈಹಾಕುವುದು ಕೊನೆಯಲ್ಲಿ. ಮೊದಲು ಟ್ಯಾಪೆಟ್ (ವಾಲ್ವಿನ ಸಂದು), ಆಮೇಲೆ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಮತ್ತು ಪ್ಲಗ್, ಆಮೇಲೆ ಇಗ್ನಿಷನ್ ಟೈಮಿಂಗ್. ಈ ಮೂರನ್ನು ಬಿಟ್ಟು ಕಾರ್ಬ್ಯುರೇಟರ್ ತಿರುಗಿಸುತ್ತ ಕೂರುವವರಿಗೆ ಸಂಜೆಯಾಗುತ್ತದೆ, ಐಡ್ಲಿಂಗ್ ಸಿಗುವುದಿಲ್ಲ.

ಎಂಜಿಬಿಯ ಟ್ಯಾಪೆಟ್ ತಣ್ಣಗಿರುವಾಗ 0.38 ಮಿ.ಮೀ. ಲೆಕ್ಕ ಒಂಬತ್ತರದು: ಎಂಟು ವಾಲ್ವ್‌ಗಳಿಗೆ ಮುಂದಿನಿಂದ ನಂಬರ್ ಕೊಡಿ, ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು, ಆರನೆಯದು ತೆರೆದಾಗ ಮೂರನೆಯದನ್ನು, ಹೀಗೆ ಕೂಡಿದರೆ ಒಂಬತ್ತಾಗುವಂತೆ. ಝಡ್‌ನಲ್ಲಿ ತಣ್ಣಗೆ ಇನ್‌ಲೆಟ್ 0.20, ಎಕ್ಸಾಸ್ಟ್ 0.25, ಬಿಸಿಯಲ್ಲಿ 0.25 ಮತ್ತು 0.30. ಎಂಜಿಬಿಯ ಪಾಯಿಂಟ್ ಸಂದು 0.35ರಿಂದ 0.40, ಪ್ಲಗ್ 0.64.

ಈಗ ಎಂಜಿನ್ ಚೆನ್ನಾಗಿ ಬಿಸಿಮಾಡಿ ನಿಲ್ಲಿಸಿ, ಏರ್ ಕ್ಲೀನರ್ ತೆಗೆಯಿರಿ. ಕಾರ್ಬ್ಯುರೇಟರ್ ಮೇಲಿನ ಡ್ಯಾಶ್‌ಪಾಟ್ ಎಂಬ ಗುಮ್ಮಟದೊಳಗಿನ ಪಿಸ್ಟನ್ ಬೆರಳಲ್ಲಿ ಎತ್ತಿ ಬಿಡಿ. ಮೆಲ್ಲಗೆ ಇಳಿದು 'ಠಣ್' ಎಂದು ಕೂರಬೇಕು. ಸದ್ದಿಲ್ಲದೆ ನಿಂತರೆ ಜೆಟ್ಟು ನಡುವಿನಲ್ಲಿಲ್ಲ ಅಥವಾ ಸೂಜಿ ಬಾಗಿದೆ. ಡ್ಯಾಂಪರಿಗೆ 20 ಗ್ರೇಡಿನ ತೆಳು ಎಣ್ಣೆ ಸಾಕು. ಮಿಕ್ಸ್‌ಚರ್ ನಟ್ಟನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಎಂಜಿಬಿಯ ಎಚ್‌ಎಸ್4 ಮಾದರಿಯ ಕಾರ್ಬ್ಯುರೇಟರಿನಲ್ಲಿ ಎರಡು ಸುತ್ತು, ಝಡ್‌ನಲ್ಲಿ ಎರಡೂವರೆ ಸುತ್ತು ಕೆಳಗಿಳಿಸಿ. ಇದು ಶುರುವಿನ ಜಾಗ ಮಾತ್ರ.

ಎರಡು ಕಾರ್ಬ್ಯುರೇಟರ್ ಜೋಡಿಸುವ ಸ್ಪಿಂಡಲ್ ಕ್ಲಾಂಪುಗಳನ್ನು ಸಡಿಲಿಸಿ ಎಂಜಿನ್ ಚಾಲೂ ಮಾಡಿ. ಒಂದು ರಬ್ಬರ್ ನಳಿಕೆಯ ತುದಿ ಕಿವಿಗಿಟ್ಟು, ಇನ್ನೊಂದನ್ನು ಕಾರ್ಬ್ಯುರೇಟರ್ ಬಾಯಿಯ ಒಂದೇ ಜಾಗಕ್ಕೆ ಹಿಡಿದು ಸುಯ್ಯೆನ್ನುವ ಸದ್ದು ಕೇಳಿ. ಎರಡರ ಸದ್ದೂ ಸಮ ಬರುವಂತೆ ಐಡಲ್ ಸ್ಕ್ರೂಗಳನ್ನು ತಿರುಗಿಸಿ, ನಿಮಿಷಕ್ಕೆ 800 ಸುತ್ತಿನ ಆಸುಪಾಸು ನಿಲ್ಲಿಸಿ. ಆಮೇಲೆ ಮಿಕ್ಸ್‌ಚರ್: ಒಂದು ಕಾರ್ಬ್ಯುರೇಟರಿನ ಪಿಸ್ಟನ್ನನ್ನು ತೆಳು ಸ್ಕ್ರೂಡ್ರೈವರಿನಿಂದ ಒಂದು ಮಿ.ಮೀ.ಗೂ ಕಡಿಮೆ ಎತ್ತಿ. ಸುತ್ತು ಏರಿ ಹಾಗೇ ಉಳಿದರೆ ಪೆಟ್ರೋಲ್ ಹೆಚ್ಚು, ನಟ್ಟು ಮೇಲಕ್ಕೆ. ಎಂಜಿನ್ ಕುಸಿದರೆ ಕಡಿಮೆ, ನಟ್ಟು ಕೆಳಕ್ಕೆ. ಒಂದಿಷ್ಟು ಏರಿ ಮತ್ತೆ ಮೊದಲಿನಂತಾದರೆ ಸರಿ. ನಟ್ಟಿನ ಒಂದು ಮುಖಕ್ಕಿಂತ ಹೆಚ್ಚು ಒಮ್ಮೆಗೆ ತಿರುಗಿಸಬೇಡಿ. ಒಂದನ್ನು ಬದಲಿಸಿದರೆ ಇನ್ನೊಂದೂ ಬದಲಾಗುವುದರಿಂದ ಎರಡು ಮೂರು ಸಲ ಓಡಾಡಬೇಕು. ಎಲ್ಲ ಮುಗಿದ ಮೇಲೆ ಕ್ಲಾಂಪ್ ಬಿಗಿದು, 1500 ಸುತ್ತಿನಲ್ಲಿ ಮತ್ತೊಮ್ಮೆ ಕಿವಿಗೊಡಿ. ಐಡ್ಲಿಂಗಿನಲ್ಲಿ ಸಮವಿದ್ದದ್ದು ಅಲ್ಲಿ ತಪ್ಪಿದರೆ ಕ್ಲಾಂಪ್ ಬಿಗಿಯುವಾಗ ಜಾರಿದೆ.

ಇಷ್ಟಾದರೂ ಐಡ್ಲಿಂಗ್ ಸಮವಾಗದಿದ್ದರೆ ಥ್ರಾಟಲ್ ಸ್ಪಿಂಡಲಿನ ಬುಡಕ್ಕೆ ಕಾರ್ಬ್ಯುರೇಟರ್ ಕ್ಲೀನರ್ ಒಂದು ಹನಿ ಬಿಡಿ. ಎಂಜಿನ್ ಸದ್ದು ಬದಲಾದರೆ ಸ್ಪಿಂಡಲ್ ಸವೆದು ಗಾಳಿ ಕುಡಿಯುತ್ತಿದೆ. ಅದನ್ನು ಸ್ಕ್ರೂ ತಿರುಗಿಸಿ ಸರಿಮಾಡಲಾಗದು, ಬುಷ್ ಹಾಕಿಸಬೇಕು. ಎಕ್ಸಾಸ್ಟ್ ಬಿಸಿ ಇರುವಾಗ ಸ್ಪ್ರೇ ಜೋರಾಗಿ ಹೊಡೆಯಬೇಡಿ: ಎರಡೂ ಗಾಡಿಯಲ್ಲಿ ಕಾರ್ಬ್ಯುರೇಟರೂ ಎಕ್ಸಾಸ್ಟೂ ಒಂದೇ ಬದಿ, ಒಂದರ ಕೆಳಗೊಂದು. ಬಿಸಿಲಲ್ಲಿ ಓಡಿಸಿ ನಿಲ್ಲಿಸಿ ಹತ್ತು ನಿಮಿಷಕ್ಕೆ ಚಾಲೂ ಆಗದಿರುವ ಕಾಯಿಲೆಗೂ ಇದೇ ಕಾರಣ. ಕಾರ್ಬ್ಯುರೇಟರ್ ಬಟ್ಟಲಿನ ಪೆಟ್ರೋಲ್ ಕುದಿದಿರುತ್ತದೆ. ನಡುವಿನ ಹೀಟ್ ಶೀಲ್ಡ್ ಇದೆಯೇ ನೋಡಿಕೊಳ್ಳಿ. ಯಾರೋ ಬಿಚ್ಚಿದವರು ಮತ್ತೆ ಹಾಕದೇ ಬಿಟ್ಟಿರುತ್ತಾರೆ.

ಪ್ರಶ್ನೆ: 1965ರ ಎಂಜಿಬಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ ಕೂಡಲೇ ಸುಟ್ಟುಹೋಯಿತು. ಫ್ಯೂಸ್ ಹಾಗೇ ಇದೆ. ಏಕೆ?

ಉತ್ತರ: 1967ರ ತನಕದ ಎಂಜಿಬಿಗಳಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ, ಮೈನಸ್ ವೈರಿಂಗಿಗೆ. ನೀವು ತಂದದ್ದು ಮಾಮೂಲಿ ಮೈನಸ್ ಅರ್ತ್‌ನದು, ಅಂದರೆ ಮೈನಸ್ ಬಾಡಿಗಿರುವ ಗಾಡಿಯದು. ಪ್ಲಸ್ ಅರ್ತ್‌ನದೇ ಬೇರೆ ಸಿಗುತ್ತದೆ, ಅದನ್ನು ತನ್ನಿ. ಇಡೀ ಗಾಡಿಯನ್ನೇ ಬದಲಿಸುವುದಾದರೆ ಬ್ಯಾಟರಿ ತಿರುಗಿಸಿ, ಕಾಯಿಲ್‌ನ ವೈರ್ ಅದಲುಬದಲು ಮಾಡಿ, ಡೈನಮೋದ ಎಫ್ ಟರ್ಮಿನಲ್‌ನ ವೈರ್ ಬಿಚ್ಚಿ ಆ ಟರ್ಮಿನಲ್ಲಿಗೇ ಬ್ಯಾಟರಿಯ ಲೈವ್ ವೈರನ್ನು ಕ್ಷಣಕಾಲ ತಾಗಿಸಿ ಕಿಡಿ ಹಾರಿಸಿ. ಮರೆಯುವುದು ರೆವ್ ಕೌಂಟರನ್ನು. ಅದರೊಳಗಿನ ಸರ್ಕಿಟ್ ಕೂಡ ಬದಲಿಸದಿದ್ದರೆ ಮುಳ್ಳು ಏಳುವುದಿಲ್ಲ.

ಫ್ಯೂಸ್ ಬಗ್ಗೆ ಒಂದು ಮಾತು. ಬ್ರಿಟಿಷ್ ಗಾಜಿನ ಫ್ಯೂಸ್ ಮೇಲೆ 35 ಎಂದಿರುವುದು ಅದು ಸುಡುವ ಆಂಪ್. ಸತತವಾಗಿ ಹೊರುವುದು 17 ಮಾತ್ರ. ಬೇರೆ ಲೆಕ್ಕದ 35 ಆಂಪ್ ಫ್ಯೂಸ್ ತುರುಕಿದರೆ ಫ್ಯೂಸಿಗಿಂತ ಮೊದಲು ವೈರೇ ಕರಗುತ್ತದೆ. ಝಡ್‌ನವರು ನಗಬೇಕಿಲ್ಲ. ಅದರಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಸ್ಟೀರಿಂಗ್ ಬಳಿಯ ಸ್ವಿಚ್ಚಿನ ಮೂಲಕವೇ ಹೋಗಿ ಸ್ವಿಚ್ಚೂ ಫ್ಯೂಸ್ ಬಾಕ್ಸೂ ಕಂದುತ್ತವೆ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಯಿಸುವ ಎರಡು ರಿಲೇ ಹಾಕಿಸಿದರೆ ಆ ಭಯವಿಲ್ಲ, ಬೆಳಕೂ ಹೆಚ್ಚುತ್ತದೆ.

ಪ್ರಶ್ನೆ: ಎಂಜಿಬಿಯ ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ಸುತ್ತು ತಗ್ಗಿಸುವ ಹೆಚ್ಚುವರಿ ಗಿಯರ್) ಬೀಳುತ್ತಿಲ್ಲ. ಗಿಯರ್‌ಬಾಕ್ಸ್ ಇಳಿಸಬೇಕೆ?

ಉತ್ತರ: ತಡೆಯಿರಿ. ಗಿಯರ್‌ಬಾಕ್ಸಿನ ಎಣ್ಣೆ ಮಟ್ಟ ನೋಡಿ. ಓವರ್‌ಡ್ರೈವಿಗೂ ಅದೇ ಎಣ್ಣೆ, 20ಡಬ್ಲ್ಯು-50 ಎಂಜಿನ್ ಆಯಿಲ್. ಆಮೇಲೆ ಗಿಯರ್‌ಬಾಕ್ಸ್ ಮೇಲಿನ ಇನ್‌ಹಿಬಿಟರ್ ಸ್ವಿಚ್ (ಕೆಳ ಗಿಯರುಗಳಲ್ಲಿ ಓವರ್‌ಡ್ರೈವ್ ಬೀಳದಂತೆ ತಡೆಯುವುದು), ಅದರ ವೈರು, ಓವರ್‌ಡ್ರೈವ್ ಬೀಳಿಸುವ ವಿದ್ಯುತ್ ಕವಾಟವಾದ ಸೊಲೆನಾಯ್ಡ್. ಬಹುತೇಕ ಸಲ ದೋಷ ಇವುಗಳಲ್ಲೇ ಸಿಗುತ್ತದೆ. ಇದಕ್ಕಿಂತ ಅಪಾಯದ್ದು ಬಿದ್ದ ಓವರ್‌ಡ್ರೈವ್ ಬಿಡದಿರುವುದು. ಆಗ ರಿವರ್ಸ್ ಹಾಕಿದರೆ ಒಳಗಿನ ಒಂದೇ ಕಡೆ ತಿರುಗುವ ಕ್ಲಚ್ ಒಡೆಯುತ್ತದೆ, ಗಾಡಿಯನ್ನು ಕೈಯಲ್ಲೂ ಹಿಂದಕ್ಕೆ ತಳ್ಳಬೇಡಿ.

ಪ್ರಶ್ನೆ: 240ಝಡ್ ನಿಜವಾಗಿಯೂ ರ‍್ಯಾಲಿ ಗೆದ್ದಿದೆಯೇ?

ಉತ್ತರ: ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿಯನ್ನೇ ಎರಡು ಸಲ. 1971ರಲ್ಲಿ ಎಡ್ಗರ್ ಹೆರ್ಮನ್, 1973ರಲ್ಲಿ ಉಗಾಂಡಾದಲ್ಲಿ ಹುಟ್ಟಿದ ಭಾರತೀಯ ಮೂಲದ ಶೇಖರ್ ಮೆಹ್ತಾ. ಎಂಜಿಬಿ ಕೂಡ ಸುಮ್ಮನಿರಲಿಲ್ಲ: 1966ರಲ್ಲಿ ನುರ್ಬರ್ಗ್‌ರಿಂಗ್‌ನಲ್ಲಿ 84 ಗಂಟೆ ಬಿಡದೆ ಓಡುವ ಮ್ಯಾರಥಾನ್ ಗೆದ್ದಿತು. ಒಂದು ಕಲ್ಲುಮಣ್ಣಿನ ಗೆಲುವು, ಇನ್ನೊಂದು ತಾಳಿಕೆಯ ಗೆಲುವು.

ಪ್ರಶ್ನೆ: ಝಡ್‌ನ ಟೈಮಿಂಗ್ ಚೈನ್ ಸಡಿಲವಾಗಿದೆ ಎಂದರು. ಕ್ಯಾಮ್ ಸ್ಪ್ರಾಕೆಟ್ ನಾನೇ ಬಿಚ್ಚಬಹುದೆ? ಹಾಗೆಯೇ ಹಿಂದಿನ ಸಸ್ಪೆನ್ಷನ್ ಬುಷ್ ಕೂಡ ಬದಲಿಸಬೇಕು.

ಉತ್ತರ: ಚೈನ್ ಕೆಲಸ ಮಾಡಬಹುದು, ಒಂದು ಮರದ ಬೆಣೆ ಇದ್ದರೆ. ಸ್ಪ್ರಾಕೆಟ್ ಬಿಚ್ಚುವ ಮೊದಲು ಚೈನಿನ ಎರಡು ಎಳೆಗಳ ನಡುವೆ ಬೆಣೆಯನ್ನು ಕೆಳತನಕ ಇಳಿಸಿ ಬಿಗಿ ಮಾಡಿ, ಅದಕ್ಕೊಂದು ದಾರ ಕಟ್ಟಿಡಿ. ಬೆಣೆಯಿಲ್ಲದೆ ಬಿಚ್ಚಿದರೆ ಚೈನ್ ಬಿಗಿಯಾಗಿಡುವ ಟೆನ್ಷನರ್ ಹಾರಿ ಹೊರಬರುತ್ತದೆ. ಆಮೇಲೆ ಮುಂದಿನ ಕವರ್ ಪೂರ್ತಿ ಬಿಚ್ಚಬೇಕು, ಒಂದು ಗಂಟೆಯ ಕೆಲಸ ಎರಡು ದಿನದ್ದಾಗುತ್ತದೆ. ಸ್ಪ್ರಾಕೆಟ್ಟಿಗೆ ಮೂರು ತೂತುಗಳಿರುವುದು ಇದಕ್ಕೇ: ಚೈನ್ ಹಿಗ್ಗಿದಂತೆ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ. ಮೂರರಲ್ಲೂ ಗುರುತು ಕೂಡದಿದ್ದರೆ ಹೊಸ ಚೈನ್.

ಬುಷ್ ವಿಷಯದಲ್ಲಿ ಅಷ್ಟು ಧೈರ್ಯ ಕೊಡಲಾರೆವು. ಹಿಂದಿನ ಕೆಳ ಆರ್ಮನ್ನು ಹಬ್ಬಿಗೆ ಹಿಡಿದಿರುವ ಉದ್ದನೆಯ ಸ್ಪಿಂಡಲ್ ಪಿನ್ ದಶಕಗಳ ತುಕ್ಕಿನಲ್ಲಿ ಕಚ್ಚಿಕೊಂಡಿರುತ್ತದೆ. ನಡುವಿನ ಲಾಕ್ ಬೋಲ್ಟ್ ತೆಗೆಯದೆ ಬಡಿಯುವುದು ಮೊದಲ ತಪ್ಪು. ಪಿನ್ನಿನ ತುದಿಗೇ ಸುತ್ತಿಗೆ ಹೊಡೆದು ಅಣಬೆಯಂತೆ ಹರಡಿಸುವುದು ಎರಡನೆಯದು, ಆಮೇಲೆ ಅದು ಯಾವ ಕಡೆಗೂ ಬಾರದು. ಲಾಕ್ ಬೋಲ್ಟ್ ತೆಗೆದು, ಮೂರು ನಾಲ್ಕು ದಿನ ದಿನಕ್ಕೆರಡು ಸಲ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಪಿನ್ನಿನ ತುದಿಯ ತಿರುಪಿನ ಹಲ್ಲಿಗೆ ಹೊಂದುವ ಪುಲ್ಲರ್ ಸಿಕ್ಕಿಸಿ ಎಳೆಯಿರಿ. ಬರದಿದ್ದರೆ ಆರ್ಮ್ ಮತ್ತು ಹಬ್ ನಡುವೆ ಪಿನ್ನನ್ನೇ ಗರಗಸದಲ್ಲಿ ಕೊಯ್ದು, ಹಬ್ಬನ್ನು ಬಿಚ್ಚಿ ತಂದು ಹೈಡ್ರಾಲಿಕ್ ಪ್ರೆಸ್ಸಿಗೆ ಒಡ್ಡಬೇಕು. ಅದಕ್ಕಾಗಿ ಕೆಲಸ ಶುರುಮಾಡುವ ಮೊದಲೇ ಎರಡು ಹೊಸ ಪಿನ್, ಲಾಕ್ ಬೋಲ್ಟ್ ತಂದಿಟ್ಟುಕೊಳ್ಳಿ. ಹೊಸದನ್ನು ಹಾಕುವಾಗ ಆ್ಯಂಟಿ ಸೀಜ್ ಪೇಸ್ಟ್ ಬಳಿದು, ಪಿನ್ನಿನ ಕಚ್ಚು ಲಾಕ್ ಬೋಲ್ಟಿನ ತೂತಿಗೆ ಎದುರಾಗಿದೆಯೇ ನೋಡಿ ತಳ್ಳಿ. ಬುಷ್‌ನ ನಟ್ಟುಗಳನ್ನು ಪೂರ್ತಿ ಬಿಗಿಯುವುದು ಗಾಡಿ ಚಕ್ರದ ಮೇಲೆ ನಿಂತ ಮೇಲೆ. ತೂಗಾಡುತ್ತಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.